ಊರು ಬಿಟ್ಟ ಮಕ್ಕಳಿಗೆ ಶಾಲೆಯೇ ಊರಾಗಲಿ

ದೀಪಾವಳಿ ಮುಗಿದು ಹೊಲದ ಕೆಲಸ ತೀರುತ್ತಿದ್ದಂತೆ ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಬಸ್ ನಿಲ್ದಾಣಗಳಲ್ಲಿ ಗಂಟುಮೂಟೆಗಳು ಹೆಚ್ಚುತ್ತವೆ. ಕಪ್ಪತಗುಡ್ಡದ ಸೆರಗಿನ ಲಂಬಾಣಿ ತಾಂಡಾಗಳಿಂದ, ಮಳೆಯನ್ನೇ ನಂಬಿದ ಹಳ್ಳಿಗಳಿಂದ ಕುಟುಂಬಗಳು ಗುಳೆ ಹೊರಡುತ್ತವೆ. ಕೆಲವರು ಗೋವಾಕ್ಕೆ, ಕೆಲವರು ಮಂಗಳೂರು–ಉಡುಪಿಗೆ, ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಇನ್ನು ಕೆಲವರು ಕಾಫಿ ತೋಟಕ್ಕೆ, ಕಬ್ಬಿನ ಗದ್ದೆಗೆ. ಅಜ್ಜ–ಅಜ್ಜಿ ಊರಲ್ಲಿದ್ದರೆ ಮಕ್ಕಳು ಅವರ ಬಳಿ ಉಳಿಯುತ್ತಾರೆ. ಇಲ್ಲದಿದ್ದರೆ ಅವರೂ ಬಸ್ ಹತ್ತುತ್ತಾರೆ. ಜೂನ್‌ನಿಂದ ಏಪ್ರಿಲ್‌ವರೆಗೆ ನಡೆಯುವ ಶಾಲೆ ಆ ಮಕ್ಕಳಿಗೆ ನವೆಂಬರ್‌ನಲ್ಲೇ ಮುಗಿದುಹೋಗುತ್ತದೆ.

ಅದೇ ಹೊತ್ತಿಗೆ ಬೇರೆ ಕಡೆಯ ಮಕ್ಕಳು ಇಲ್ಲಿಗೆ ಬರುತ್ತಾರೆ. ಮುಂಡರಗಿ ತಾಲೂಕಿನ ಗಂಗಾಪುರದ ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಯುವ ಗುಂಪುಗಳ ಜೊತೆ, ಗದಗ–ಬೆಟಗೇರಿಯ ಕಟ್ಟಡ ಕೆಲಸಕ್ಕೆ ಬರುವ ಹೊರರಾಜ್ಯದ ಕುಟುಂಬಗಳ ಜೊತೆ, ಕುರಿಹಿಂಡಿನ ಹಿಂದೆ ನಡೆದು ಬರುವವರ ಜೊತೆ. ಹೋಗುವ ಮಗು, ಬರುವ ಮಗು, ಹೋಗಿ ಮರಳುವ ಮಗು, ಈ ಮೂವರಿಗೂ ಶಾಲೆ ಏನು ಮಾಡಬಹುದು, ಊರು ಏನು ಮಾಡಬೇಕು ಎಂಬುದನ್ನು ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಮತ್ತು ಪಾಲಕರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಇವರು ನಿರಾಶ್ರಿತರೇ?

ಯುದ್ಧ, ಹಿಂಸೆ, ಕಿರುಕುಳಕ್ಕೆ ಹೆದರಿ ದೇಶದ ಗಡಿ ದಾಟಿದವರನ್ನು ಅಂತರರಾಷ್ಟ್ರೀಯ ಕಾನೂನು ನಿರಾಶ್ರಿತರೆನ್ನುತ್ತದೆ. ಅಂಥವರಿಗೂ ಕರ್ನಾಟಕ ನೆಲೆ ಕೊಟ್ಟಿದೆ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ವಸತಿ ಇದೆ. ಚಳಿಗಾಲದಲ್ಲಿ ಉತ್ತರ ಕರ್ನಾಟಕದ ಪೇಟೆಗಳಲ್ಲಿ ಅವರ ಸ್ವೆಟರ್ ಅಂಗಡಿಗಳನ್ನು ನಾವು ನೋಡಿಯೇ ಇದ್ದೇವೆ. ಸಿಂಧನೂರು ಬಳಿಯ ಕ್ಯಾಂಪ್‌ಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ನೆಲೆಸಿವೆ.

ನಮ್ಮ ಜಿಲ್ಲೆಯಲ್ಲಿ ನೆಲೆ ತಪ್ಪಿದವರು ಹೆಚ್ಚಾಗಿ ನಮ್ಮವರೇ. 2009ರ ಮತ್ತು 2019ರ ಪ್ರವಾಹಗಳಲ್ಲಿ ಮಲಪ್ರಭೆ, ಬೆಣ್ಣಿಹಳ್ಳದ ದಂಡೆಯ ನರಗುಂದ, ರೋಣ ತಾಲೂಕಿನ ಜನ ಮನೆ ಬಿಟ್ಟು ಪರಿಹಾರ ಕೇಂದ್ರಗಳಲ್ಲಿ ಉಳಿದರು. ಹಮ್ಮಿಗಿ ಬಳಿ ತುಂಗಭದ್ರೆಗೆ ಕಟ್ಟಿದ ಸಿಂಗಟಾಲೂರು ಏತ ನೀರಾವರಿ ಯೋಜನೆಯ ಬ್ಯಾರೇಜ್‌ನಿಂದ ಮುಂಡರಗಿ ತಾಲೂಕಿನ ಬಿದರಹಳ್ಳಿ, ವಿಠಲಾಪುರ, ಗುಮ್ಮಗೋಳದ ಜನ ಮುಳುಗಡೆಯ ಸಂಕಟ ಉಂಡರು. ಇವೆಲ್ಲಕ್ಕಿಂತ ದೊಡ್ಡದು ವರ್ಷವರ್ಷವೂ ನಡೆಯುವ ಗುಳೆ. ಗುಳೆ ಹೋದವರನ್ನು ಯಾವ ಕಾನೂನೂ ನಿರಾಶ್ರಿತರೆಂದು ಕರೆಯುವುದಿಲ್ಲ, ನಿಜ. ಆದರೆ ಗೊತ್ತಿಲ್ಲದ ಊರು, ತಿಳಿಯದ ಮಾತು, ಕಡಿದ ಓದು, ಹಿಂದೆ ಉಳಿದ ಗೆಳೆಯರು, ಅಪ್ಪ–ಅವ್ವನ ಸಾಲದ ಚಿಂತೆ, ಇಷ್ಟನ್ನೂ ಹೊತ್ತು ತರಗತಿಯಲ್ಲಿ ಕೂತ ಮಗುವಿನ ಅಗತ್ಯ ಎಲ್ಲ ಕಡೆಯೂ ಒಂದೇ. ನಿರಾಶ್ರಿತ ಮಕ್ಕಳಿಗಾಗಿ ಜಗತ್ತಿನ ಶಾಲೆಗಳು ಕಲಿತ ಪಾಠ ಗುಳೆಯ ಮಕ್ಕಳಿಗೂ ಸಲ್ಲುತ್ತದೆ. ಹೊಂದಿಕೊಳ್ಳುವ ಭಾರವನ್ನು ಮಗುವಿನ ತಲೆಗೆ ಕಟ್ಟಬಾರದು, ಅದನ್ನು ಶಾಲೆ ಹೊರಬೇಕು ಎಂಬುದೇ ಆ ಪಾಠ.

ಮೊದಲು ದಾಖಲಾತಿ, ಆಮೇಲೆ ಕಾಗದ

ಬೇರೆ ಊರಿನಿಂದ ಬಂದ ಕುಟುಂಬ ಶಾಲೆಯ ಬಾಗಿಲಲ್ಲಿ ನಿಂತಾಗ ಎದುರಾಗುವ ಮೊದಲ ಪ್ರಶ್ನೆ ‘ಟಿಸಿ ತಂದೀರೇನು?’ ಎಂಬುದು. ಕೈಯಲ್ಲಿ ಟಿಸಿ ಇಲ್ಲದ ತಂದೆ ಹಾಗೇ ತಿರುಗಿ ಹೋಗುತ್ತಾನೆ, ಮರುದಿನ ಮಗನನ್ನು ಕೆಲಸದ ಜಾಗಕ್ಕೇ ಕರೆದೊಯ್ಯುತ್ತಾನೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಇದಕ್ಕೆ ಅವಕಾಶ ಕೊಡುವುದಿಲ್ಲ. ಈ ಅಂಶಗಳು ಪ್ರತಿ ಮುಖ್ಯ ಶಿಕ್ಷಕರಿಗೂ ಪಾಲಕರಿಗೂ ತಿಳಿದಿರಬೇಕು:

• ಸೆಕ್ಷನ್ 3: 6ರಿಂದ 14 ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ.

• ಸೆಕ್ಷನ್ 4: ಶಾಲೆ ಬಿಟ್ಟ ಅಥವಾ ಸೇರದೇ ಇದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಹತ್ತು ವರ್ಷದ ಹುಡುಗಿಯನ್ನು ಓದಲು ಬಾರದೆಂದು ಒಂದನೇ ತರಗತಿಯಲ್ಲಿ ಕೂರಿಸುವಂತಿಲ್ಲ. ಉಳಿದವರ ಸಮಕ್ಕೆ ಬರಲು ಅವಳಿಗೆ ವಿಶೇಷ ತರಬೇತಿ ಪಡೆಯುವ ಹಕ್ಕಿದೆ. 14 ತುಂಬಿದ ಮೇಲೂ ಎಂಟನೇ ತರಗತಿ ಮುಗಿಯುವವರೆಗೆ ಉಚಿತ ಶಿಕ್ಷಣ ಮುಂದುವರಿಯುತ್ತದೆ.

• ಸೆಕ್ಷನ್ 5: ಮಗು ಬೇರೆ ಶಾಲೆಗೆ ಹೋಗುವಾಗ ಮುಖ್ಯ ಶಿಕ್ಷಕರು ಕೂಡಲೇ ವರ್ಗಾವಣೆ ಪತ್ರ (ಟಿಸಿ) ಕೊಡಬೇಕು. ಪತ್ರ ತಡವಾಯಿತೆಂದು ಹೊಸ ಶಾಲೆ ದಾಖಲಾತಿಯನ್ನು ತಡೆಯುವಂತಿಲ್ಲ, ಮುಂದೂಡುವಂತಿಲ್ಲ.

• ಸೆಕ್ಷನ್ 9: ವಲಸೆ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಆಡಳಿತದ ಕರ್ತವ್ಯ. ಗ್ರಾಮ ಪಂಚಾಯಿತಿ, ನಗರಸಭೆಗಳು ಇದನ್ನು ಶಿಕ್ಷಣ ಇಲಾಖೆಯ ಕೆಲಸವೆಂದು ದೂರ ಇಡುವಂತಿಲ್ಲ.

• ಸೆಕ್ಷನ್ 14 ಮತ್ತು 15: ವಯಸ್ಸಿನ ದಾಖಲೆ ಇಲ್ಲವೆಂದು, ವರ್ಷದ ನಡುವೆ ಬಂದಿದ್ದಾರೆಂದು ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ.

ಆಧಾರ್ ಇಲ್ಲವೆಂಬುದೂ ಕಾರಣವಾಗದು. ಶಾಲಾ ದಾಖಲಾತಿಗೆ ಆಧಾರ್ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಇನ್ನು ಹೊರದೇಶದಿಂದ ಬಂದ ಮಕ್ಕಳನ್ನೇ ನೋಡಿ. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದರೂ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು 1992ರಲ್ಲೇ ಒಪ್ಪಿಕೊಂಡಿದೆ. ರೋಹಿಂಗ್ಯಾ ಮಕ್ಕಳ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ 2025ರ ಫೆಬ್ರುವರಿಯಲ್ಲಿ, ಶಿಕ್ಷಣದಲ್ಲಿ ಯಾವ ಮಗುವಿಗೂ ಭೇದ ಸಲ್ಲದೆಂದು ಹೇಳಿ, ಮೊದಲು ಸರ್ಕಾರಿ ಶಾಲೆಗೆ ದಾಖಲಾತಿ ಕೇಳುವಂತೆ ಸೂಚಿಸಿತು. ದೇಶದಾಚೆಯಿಂದ ಬಂದ ಮಗುವಿನ ಬಗ್ಗೆಯೇ ಮಾತು ಹೀಗಿದ್ದರೆ, ಪಕ್ಕದ ಜಿಲ್ಲೆಯಿಂದ ಬಂದ ಮಗುವನ್ನು ಬಾಗಿಲಲ್ಲಿ ನಿಲ್ಲಿಸಲು ಯಾವ ಸಮರ್ಥನೆ ಉಳಿಯುತ್ತದೆ?

ಪಾಲಕರು ಮಾಡಬೇಕಾದ್ದು ಇಷ್ಟು: ರಾಜ್ಯದ ಶಾಲಾ ದಾಖಲೆಯಲ್ಲಿ ಮಗುವಿಗೆ ಕೊಟ್ಟಿರುವ ಸ್ಯಾಟ್ಸ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆಸಿಕೊಂಡು ಪಡಿತರ ಚೀಟಿಯ ಜೊತೆ ಇಟ್ಟುಕೊಳ್ಳಿ, ಮೊಬೈಲ್‌ನಲ್ಲಿ ಅದರ ಫೋಟೊ ಇರಲಿ. ರಾಜ್ಯದೊಳಗೆ ಮಂಗಳೂರಿಗೇ ಹೋಗಲಿ, ಬೆಂಗಳೂರಿಗೇ ಹೋಗಲಿ, ಆ ಸಂಖ್ಯೆಯಿಂದ ಹೊಸ ಶಾಲೆಗೆ ಮಗುವಿನ ಓದಿನ ವಿವರ ಸಿಗುತ್ತದೆ. ಗೋವಾ, ಮಹಾರಾಷ್ಟ್ರಕ್ಕೆ ಹೋಗುವವರು ದೇಶದಾದ್ಯಂತ ನಡೆಯುವ ‘ಪೆನ್’ ಎಂಬ ಕಾಯಂ ಶಿಕ್ಷಣ ಸಂಖ್ಯೆಯನ್ನೂ ಕೇಳಿ ಪಡೆಯಬೇಕು.

ಮೊದಲ ವಾರ ಹೇಗಿರಬೇಕು?

ಹೊಸ ಮಗುವಿಗೆ ಶಾಲೆಯ ಬಗ್ಗೆ ಮೂಡುವ ಅಭಿಪ್ರಾಯ ಮೊದಲ ಕೆಲವು ದಿನಗಳಲ್ಲೇ ಗಟ್ಟಿಯಾಗುತ್ತದೆ. ಈ ದಿನಗಳಲ್ಲಿ ಪಾಠಕ್ಕಿಂತ ಪರಿಚಯ ಮುಖ್ಯ.

ಹೆಸರನ್ನು ಸರಿಯಾಗಿ ಕಲಿಯಿರಿ. ಮಗು ಹೇಳಿದಂತೆಯೇ ಉಚ್ಚರಿಸಿ, ಹಾಜರಿ ಪುಸ್ತಕದಲ್ಲಿ ಹಾಗೆಯೇ ಬರೆಯಿರಿ. ‘ಗೋವಾದ ಹುಡುಗ’, ‘ತಾಂಡಾದಾಕಿ’, ‘ಬಿಹಾರಿ’ ಎಂಬ ಅಡ್ಡಹೆಸರು ಶಿಕ್ಷಕರ ಬಾಯಲ್ಲಿ ಒಮ್ಮೆ ಬಂದರೂ ಸಾಕು, ತರಗತಿಯ ಬಾಯಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ.

ಎಲ್ಲರೆದುರು ಕೆದಕಬೇಡಿ. ‘ಊರು ಯಾಕ್ ಬಿಟ್ರಿ? ಅಪ್ಪ ಏನ್ ಮಾಡ್ತಾನ? ಸಾಲಾಗೇತೇನು?’ ಎಂಬ ಪ್ರಶ್ನೆಗಳು ಕಾಳಜಿಯಿಂದ ಬಂದರೂ ಮಗುವಿಗೆ ವಿಚಾರಣೆಯಂತೆ ಕೇಳುತ್ತವೆ. ‘ಬಾರವಾ, ಇಲ್ಲಿ ಕುಂಡ್ರು. ನಿನಗ ಯಾವ ಆಟ ಇಷ್ಟ?’ ಎಂದರೆ ಮಾತಿಗೆ ಬಾಗಿಲು ತೆರೆಯುತ್ತದೆ. ತನ್ನ ಕಥೆಯನ್ನು ಯಾವಾಗ, ಯಾರಿಗೆ, ಎಷ್ಟು ಹೇಳಬೇಕೆಂಬುದು ಮಗುವಿಗೇ ಬಿಟ್ಟ ವಿಷಯ.

ಜೊತೆಗಾರರನ್ನು ಗೊತ್ತುಮಾಡಿ. ಅದೇ ತರಗತಿಯ ಇಬ್ಬರು ಮಕ್ಕಳು ಶೌಚಾಲಯ, ನೀರಿನ ತೊಟ್ಟಿ, ಊಟದ ಸಾಲು, ಆಟದ ಮೈದಾನ ತೋರಿಸಲಿ. ಇಬ್ಬರಿದ್ದರೆ ಒಬ್ಬರು ಬಾರದ ದಿನವೂ ಹೊಸ ಮಗು ಒಂಟಿಯಾಗುವುದಿಲ್ಲ. ಸಾಧ್ಯವಾದರೆ ಅವರಲ್ಲಿ ಒಬ್ಬರಿಗೆ ಆ ಮಗುವಿನ ಮನೆಮಾತು ಬರುತ್ತಿರಲಿ.

ಮಧ್ಯದ ಸಾಲಿನಲ್ಲಿ ಕೂರಿಸಿ. ಹಿಂದಿನ ಸಾಲು ಮಗುವನ್ನು ಮರೆಸುತ್ತದೆ, ಮುಂದಿನ ಸಾಲು ಎಲ್ಲರ ಕಣ್ಣಿಗೆ ಬೀಳಿಸುತ್ತದೆ.

ಬಿಸಿಯೂಟದಲ್ಲಿ ಮೊದಲ ದಿನದಿಂದಲೇ ತಟ್ಟೆ ಇರಲಿ. ಕಾಗದ ಬಾರದೆ ಹೆಸರು ಗಣಕಯಂತ್ರಕ್ಕೆ ಏರದಿದ್ದರೂ ಹಸಿವು ಕಾಯುವುದಿಲ್ಲ. ಪಠ್ಯಪುಸ್ತಕ, ಸಮವಸ್ತ್ರದ ಒಂದೆರಡು ಜೊತೆಯನ್ನು ಶಾಲೆಯಲ್ಲಿ ಯಾವಾಗಲೂ ಉಳಿಸಿಕೊಳ್ಳಿ. ಬಣ್ಣದ ಅಂಗಿಯಲ್ಲಿ ಒಬ್ಬಂಟಿಯಾಗಿ ಪ್ರಾರ್ಥನೆಗೆ ನಿಲ್ಲುವುದು ದೊಡ್ಡವರಿಗೆ ಸಣ್ಣ ವಿಷಯ, ಮಗುವಿಗೆ ಅಲ್ಲ.

ಮನೆಮಾತಿನ ಮೇಲೆ ಕನ್ನಡ ಕಟ್ಟಿ

ತಾಂಡಾದ ಮಗು ಮನೆಯಲ್ಲಿ ಗೋರ್ ಬೋಲಿ ಆಡುತ್ತದೆ. ಅವ್ವನಿಗೆ ಯಾಡಿ, ರೊಟ್ಟಿಗೆ ಬಾಟಿ, ನೀರಿಗೆ ಪಾಣಿ. ನಲಿಕಲಿ ಕೊಠಡಿಯ ಚಿತ್ರಗಳ ಕೆಳಗೆ ಕನ್ನಡ ಪದದ ಜೊತೆ ಮಕ್ಕಳೇ ಹೇಳಿದ ಮನೆಮಾತಿನ ಪದವನ್ನೂ ಕನ್ನಡ ಅಕ್ಷರದಲ್ಲಿ ಬರೆದು ಅಂಟಿಸಿ. ಓದುವ ಅಕ್ಷರ ಕನ್ನಡದ್ದೇ, ಅರ್ಥ ಮನೆಯದು. ಹೀಗೆ ಕಲಿತ ಅಕ್ಷರ ಬೇಗ ನಿಲ್ಲುತ್ತದೆ. ಸಾಧ್ಯವಾದಷ್ಟೂ ಮಾತೃಭಾಷೆಯಲ್ಲಿ ಕಲಿಸಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 29 ಕೂಡ ಹೇಳುತ್ತದೆ.

ಗೋವಾದ ಮರಾಠಿ ಶಾಲೆಯಲ್ಲಿ ಎರಡು ವರ್ಷ ಕಲಿತು ಐದನೇ ತರಗತಿಗೆ ಮರಳಿದ ಹುಡುಗನನ್ನು ‘ಇವನಿಗೆ ಓದಾಕ ಬರೂದಿಲ್ಲ’ ಎಂದು ಗುರುತಿಸುವ ಮುನ್ನ ಒಂದು ಮರಾಠಿ ಪುಸ್ತಕ ಕೊಟ್ಟು ನೋಡಿ. ಅವನಿಗೆ ಓದಲು ಬರುತ್ತದೆ, ಕನ್ನಡ ಲಿಪಿ ಮಾತ್ರ ಹೊಸದು. ವರ್ಣಮಾಲೆಯ ಕ್ರಮ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ದೇವನಾಗರಿ ಮತ್ತು ಕನ್ನಡ ಅಕ್ಷರಗಳನ್ನು, ಕಾಗುಣಿತವನ್ನು, ಅಂಕಿಗಳನ್ನು ಎದುರುಬದುರಾಗಿ ಬರೆದ ಒಂದು ಹಾಳೆ ಅವನಿಗೆ ಸೇತುವೆಯಾಗುತ್ತದೆ. ಹಿಂದಿ ಕಲಿತು ಬಂದ ಮಕ್ಕಳಿಗೂ ಇದೇ ಹಾಳೆ ಸಾಕು. ತೆಲುಗು ಕಲಿತ ಮಕ್ಕಳಿಗೆ ಲಿಪಿಯ ಹೋಲಿಕೆಯೇ ಅರ್ಧ ಕೆಲಸ ಮಾಡುತ್ತದೆ. ಗಣಿತದಲ್ಲಿ ಭಾಷೆಯ ಅಡ್ಡಿ ಕಡಿಮೆ. ಆದ್ದರಿಂದ ಮಗು ಮೊದಲು ಗೆಲ್ಲುವ ವಿಷಯ ಅದೇ ಆಗಲಿ, ಹಲಗೆಯ ಮೇಲೆ ಲೆಕ್ಕ ಬಿಡಿಸಲು ಕರೆಯಿರಿ.

ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಟ್ಟಲೆ, ಮಾತಾಡದೇ ಇರಬಹುದು. ಅದು ದಡ್ಡತನವಲ್ಲ, ಹಟವೂ ಅಲ್ಲ. ಮಗು ಕೇಳಿಸಿಕೊಳ್ಳುತ್ತಿದೆ. ಬಾಯಿ ಬಿಡಿಸಲು ಒತ್ತಾಯ ಬೇಡ. ಚಿತ್ರ ತೋರಿಸುವುದು, ಕೈಯೆತ್ತುವುದು, ಹಾಡಿನ ಗುಂಪಿನಲ್ಲಿ ದನಿಗೂಡಿಸುವುದು ಅದರ ಉತ್ತರವಾಗಿರಲಿ.

ಮುಂಡಗೋಡದ ಟಿಬೆಟನ್ ಮಕ್ಕಳು ತಮ್ಮ ಭಾಷೆ, ಹಬ್ಬಗಳನ್ನು ಶಾಲೆಯಲ್ಲೇ ಉಳಿಸಿಕೊಂಡು ಬೆಳೆದರು. ನಮ್ಮ ಶಾಲೆಗಳಲ್ಲೂ ಫೆಬ್ರುವರಿ 15ರ ಸಂತ ಸೇವಾಲಾಲ್ ಜಯಂತಿಯಂದು ತಾಂಡಾದ ತಾಯಂದಿರನ್ನು ಕರೆದು ಕಸೂತಿ, ಹಾಡು ಕಲಿಸಲು ಕೇಳಬಹುದು. ತನ್ನ ಯಾಡಿ ಶಾಲೆಯಲ್ಲಿ ಕಲಿಸುವವಳಾಗಿ ನಿಂತದ್ದನ್ನು ಕಂಡ ಮಗು ಮನೆಮಾತನ್ನು ಮುಚ್ಚಿಟ್ಟುಕೊಳ್ಳುವುದಿಲ್ಲ.

ನೋವಿನ ಗುರುತುಗಳು

ಬಹುಪಾಲು ಮಕ್ಕಳಿಗೆ ದಿನಚರಿ, ಊಟ, ಗೆಳೆಯರು, ಸಿಡುಕದ ಒಬ್ಬ ಶಿಕ್ಷಕರು ಸಿಕ್ಕರೆ ಮನಸ್ಸು ನಿಧಾನವಾಗಿ ನೆಲೆಗೊಳ್ಳುತ್ತದೆ. ಕೆಲವರಿಗೆ ಅಷ್ಟು ಸಾಲದು. ವಾರಗಳು ಕಳೆದರೂ ಈ ಗುರುತುಗಳು ಉಳಿದರೆ ಗಮನ ಕೊಡಿ: ಪದೇಪದೇ ಹೊಟ್ಟೆನೋವು, ತಲೆನೋವು, ತರಗತಿಯಲ್ಲಿ ನಿದ್ದೆ, ಸಣ್ಣ ಸದ್ದಿಗೂ ಬೆಚ್ಚುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗುವುದು, ಯಾರೊಂದಿಗೂ ಸೇರದಿರುವುದು, ಇದ್ದಕ್ಕಿದ್ದಂತೆ ಸಿಟ್ಟು, ಹೊಡೆದಾಟ. ಪ್ರವಾಹ ಕಂಡ ಮಕ್ಕಳು ಜೋರು ಮಳೆಗೆ ಹೆದರುತ್ತಾರೆ. ಅಂಥ ದಿನ ಕಿಟಕಿ ಮುಚ್ಚಿ, ಅವರ ಹತ್ತಿರ ಕೂತು, ಪಾಠದ ಬದಲು ಕಥೆ ಹೇಳುವುದರಿಂದ ಏನೂ ನಷ್ಟವಿಲ್ಲ.

ತಂದೆ–ತಾಯಿ ಗುಳೆ ಹೋಗಿ ಅಜ್ಜಿಯ ಬಳಿ ಉಳಿದ ಮಕ್ಕಳ ನೋವು ಹೊರಗೆ ಕಾಣುವುದಿಲ್ಲ. ಹಾಜರಿ ಇರುತ್ತದೆ, ಮನಸ್ಸು ಇರುವುದಿಲ್ಲ. ವಾರಕ್ಕೊಮ್ಮೆ ಶಾಲೆಯಿಂದಲೇ ಅಪ್ಪ–ಅವ್ವನಿಗೆ ಫೋನ್ ಮಾಡಿಸಿ. ಮನೆಗೆಲಸ, ತಮ್ಮ–ತಂಗಿಯರ ಆರೈಕೆ ಹೆಣ್ಣುಮಕ್ಕಳ ಮೇಲೆ ಬೀಳುತ್ತದೆ. ಬಾಲ್ಯವಿವಾಹದ ಮಾತು ಎದ್ದರೆ ಕೂಡಲೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಹೊಡೆತ, ಬೈಗುಳ ಯಾವ ಮಗುವಿಗೂ ಸಲ್ಲದು. ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 17 ಅದನ್ನು ನಿಷೇಧಿಸಿದೆ. ನೆಲೆ ತಪ್ಪಿದ ಮಗುವಿಗಂತೂ ಒಂದು ಏಟು ಶಾಲೆ ಬಿಡಲು ಸಾಕಾದ ಕಾರಣ.

ಸಹಾಯ ಹತ್ತಿರದಲ್ಲೇ ಇದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಆಪ್ತಸಲಹೆ ಪಡೆಯಬಹುದು. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಮಗುವನ್ನು ತೋರಿಸಿ. ಅಗತ್ಯಬಿದ್ದರೆ ಗದಗದ ಜಿಮ್ಸ್ ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇವೆ.

ಗುಳೆಯ ಪಂಚಾಂಗ ಶಾಲೆಯ ಗೋಡೆಯ ಮೇಲಿರಲಿ

ಗುಳೆ ಹಠಾತ್ತನೆ ಬರುವ ಸಂಕಟವಲ್ಲ. ಯಾವ ಮನೆ, ಯಾವ ತಿಂಗಳು, ಯಾವ ಊರಿಗೆ ಹೋಗುತ್ತದೆಂಬುದು ಊರಿನವರಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿರುವುದಕ್ಕೆ ಸಿದ್ಧತೆ ಮಾಡಬಹುದು.

ಜೂನ್–ಜುಲೈ: ಹಿಂದಿನ ವರ್ಷ ಗುಳೆ ಹೋದ ಮಕ್ಕಳೆಲ್ಲ ಮರಳಿದ್ದಾರೆಯೇ ಎಂದು ಮನೆಮನೆಗೆ ಹೋಗಿ ನೋಡಿ. ಮರಳಿದವರ ಕಲಿಕೆಯ ಮಟ್ಟ ಅಳೆದು ಸೇತುಬಂಧ ತರಗತಿಗಳಲ್ಲಿ ಅವರಿಗೆ ಪ್ರತ್ಯೇಕ ಗಮನ ಕೊಡಿ.

ದಸರಾ ರಜೆಗೆ ಮುನ್ನ: ಈ ವರ್ಷ ಹೊರಡಲಿರುವ ಕುಟುಂಬಗಳ ಪಟ್ಟಿ ಮಾಡಿ. ಹೋಗುವ ಊರು, ಮೊಬೈಲ್ ಸಂಖ್ಯೆ, ಮೇಸ್ತ್ರಿಯ ಹೆಸರು ಬರೆದುಕೊಳ್ಳಿ. ಮಗುವನ್ನು ಊರಲ್ಲೇ ಉಳಿಸಲು ಸಾಧ್ಯವೇ ಎಂದು ಪಾಲಕರೊಂದಿಗೆ ಕೂತು ಮಾತಾಡಿ. ಗುಳೆ ಮಕ್ಕಳಿಗಾಗಿ ಹಂಗಾಮಿ ವಸತಿ ನಿಲಯ ನಡೆಸಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ಬೇಡಿಕೆ ಪಟ್ಟಿಯನ್ನು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಸಮಯಕ್ಕೆ ತಲುಪಿಸಬೇಕು. ದೊಡ್ಡ ಮಕ್ಕಳಿಗೆ ಮೆಟ್ರಿಕ್ ಪೂರ್ವ ವಿದ್ಯಾರ್ಥಿ ನಿಲಯ, ಹೆಣ್ಣುಮಕ್ಕಳಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ.

ಹೊರಡುವ ದಿನ: ಹೋಗಲೇಬೇಕಾದ ಮಗುವಿಗೆ ಸ್ಯಾಟ್ಸ್ ಸಂಖ್ಯೆ, ಪಠ್ಯಪುಸ್ತಕ, ಎಲ್ಲಿಯವರೆಗೆ ಪಾಠ ಆಗಿದೆ ಎಂಬ ಚೀಟಿ, ಶಿಕ್ಷಕರ ಫೋನ್ ಸಂಖ್ಯೆ ಕೊಟ್ಟು ಕಳಿಸಿ. ‘ಅಲ್ಲಿ ಶಾಲಿಗೆ ಹೋಗು. ಹೋದ ಮ್ಯಾಲ ಫೋನ್ ಮಾಡು’ ಎಂದು ಹೇಳಿ. ಗೋವಾ, ಮಂಗಳೂರಿನ ಶಾಲೆಗೆ ಮುಖ್ಯ ಶಿಕ್ಷಕರೇ ಒಂದು ಕರೆ ಮಾಡಿದರೆ ಅಲ್ಲಿನ ದಾಖಲಾತಿ ಸುಲಭವಾಗುತ್ತದೆ.

ನವೆಂಬರ್‌ನಿಂದ ಮಾರ್ಚ್: ಊರಿಗೆ ಬಂದ ಕಬ್ಬಿನ ಗುಂಪು, ಕಟ್ಟಡದ ಶೆಡ್, ಕುರಿಗಾರರ ಬಿಡಾರಗಳಿಗೆ ಹೋಗಿ ಮಕ್ಕಳನ್ನು ಕರೆತನ್ನಿ. ಎರಡು ತಿಂಗಳಷ್ಟೇ ಇರುವ ಮಗುವಿಗೂ ಆ ಎರಡು ತಿಂಗಳ ಓದು, ಊಟ, ಗೆಳೆತನ ಸಲ್ಲಬೇಕು. ಶಾಲೆ ದೂರವಿದ್ದು ಮಕ್ಕಳು ಹೆಚ್ಚಿದ್ದರೆ ಟೆಂಟ್ ಶಾಲೆಗೆ ಬೇಡಿಕೆ ಇಡಿ.

ಮರಳಿದ ದಿನ: ‘ಇಷ್ಟು ದಿನ ಎಲ್ಲಿ ಹಾಳಾಗಿದ್ದಿ?’ ಎಂಬ ಮಾತು ಬೇಡವೇ ಬೇಡ. ಊರು ಬಿಟ್ಟದ್ದು ಮಗುವಿನ ತೀರ್ಮಾನವಾಗಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದುಹಾಕದೆ ಉಳಿಸಿಕೊಂಡಿದ್ದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ಮಗ್ಗದಲ್ಲಿ ಎಳೆ ಕಡಿದಾಗ ಬೆಟಗೇರಿಯ ನೇಕಾರ ಸೀರೆಯನ್ನು ಬಿಸಾಡುವುದಿಲ್ಲ, ಆ ಜಾಗದಲ್ಲೇ ಗಂಟು ಹಾಕಿ ನೇಯ್ಗೆ ಮುಂದುವರಿಸುತ್ತಾನೆ. ಓದು ಕಡಿದ ಮಗುವಿನ ಜೊತೆ ಶಾಲೆಯೂ ಹೀಗೆ ನಡೆದುಕೊಳ್ಳಬೇಕು.

ಊರಿನ ಪಾಲು

ಒಬ್ಬ ಶಿಕ್ಷಕಿ ಎರಡು ತರಗತಿ ನಿಭಾಯಿಸುವ ಶಾಲೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಇಷ್ಟೆಲ್ಲವನ್ನೂ ಅವರೊಬ್ಬರ ಮೇಲೆ ಹೊರಿಸುವುದು ಅನ್ಯಾಯ. ಎಸ್‌ಡಿಎಂಸಿಯಲ್ಲಿ ಗುಳೆ ಹೋಗುವ ಕುಟುಂಬದ ಒಬ್ಬ ತಾಯಿಯಾದರೂ ಇರಲಿ. ಅವಕಾಶವಂಚಿತ, ದುರ್ಬಲ ವರ್ಗಗಳ ಪಾಲಕರಿಗೆ ತಕ್ಕ ಪ್ರಾತಿನಿಧ್ಯ ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಗ್ರಾಮ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮ ಸಭೆಯಲ್ಲಿ ಗುಳೆಯ ಮಕ್ಕಳೇ ಮಾತಾಡಲಿ. ಅದೇ ಪಂಚಾಯಿತಿ ಹೊಲದ ಕೆಲಸ ತೀರುತ್ತಿದ್ದಂತೆ ಉದ್ಯೋಗ ಖಾತರಿ ಕೆಲಸವನ್ನು ಶುರುಮಾಡಿ ಕೂಲಿಯನ್ನು ತಡಮಾಡದೆ ಕೊಟ್ಟರೆ ಎಷ್ಟೋ ಮನೆಗಳಿಗೆ ಬೀಗ ಬೀಳುವುದಿಲ್ಲ. ಪಿಯುಸಿ, ಡಿಗ್ರಿ ಓದುವ ತಾಂಡಾದ ಯುವಕ–ಯುವತಿಯರು ಸಂಜೆ ಒಂದು ತಾಸು ಓದಿಸಬಹುದು. ಕಟ್ಟಡ ಮಾಲೀಕರು ತಮ್ಮ ಶೆಡ್‌ನಲ್ಲಿರುವ ಮಕ್ಕಳ ಹೆಸರನ್ನು ಹತ್ತಿರದ ಶಾಲೆಗೆ ತಿಳಿಸಬಹುದು.

ಇದು ಈ ನೆಲಕ್ಕೆ ಹೊಸ ಮಾತೇನಲ್ಲ. ಗದಗದ ವೀರೇಶ್ವರ ಪುಣ್ಯಾಶ್ರಮಕ್ಕೆ ಎಲ್ಲೆಲ್ಲಿಂದಲೋ ಬಂದ ಅಂಧ, ಅನಾಥ ಮಕ್ಕಳಿಗೆ ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅನ್ನ, ಆಸರೆ, ವಿದ್ಯೆ ಮೂರನ್ನೂ ಒಟ್ಟಿಗೆ ಕೊಟ್ಟರು. ಶಿರಹಟ್ಟಿಯ ಫಕೀರೇಶ್ವರ ಮಠ ಹಿಂದೂ–ಮುಸ್ಲಿಂ ಭೇದವಿಲ್ಲದೆ ಭಕ್ತರನ್ನು ಬರಮಾಡಿಕೊಂಡು ಬಂದಿದೆ. ಆ ಪರಂಪರೆಯನ್ನು ಜಾತ್ರೆಯಲ್ಲಿ ನೆನೆದರೆ ಸಾಲದು, ಅದು ಶಾಲೆಯ ದಾಖಲಾತಿ ಪುಸ್ತಕದಲ್ಲೂ ಕಾಣಬೇಕು.

ದಾಖಲಾತಿ ನಿರಾಕರಿಸಿದರೆ ಮೊದಲು ಸಿಆರ್‌ಪಿಗೆ, ನಂತರ ಬಿಇಒಗೆ, ಗದಗದ ಶಿಕ್ಷಣ ಇಲಾಖೆ ಉಪನಿರ್ದೇಶಕರ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ. ಅಲ್ಲೂ ಪರಿಹಾರ ಸಿಗದಿದ್ದರೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. ಮಗು ದುಡಿಮೆಗೆ ಬಿದ್ದಿದ್ದರೆ, ಹಿಂಸೆಗೆ ಒಳಗಾಗಿದ್ದರೆ, ಒಂಟಿಯಾಗಿ ಸಿಕ್ಕರೆ 1098ಕ್ಕೆ ಕರೆ ಮಾಡಿ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಮುಂದಿನ ರಕ್ಷಣೆ ನೋಡಿಕೊಳ್ಳುತ್ತದೆ.

ಎಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಲಾಗದಿದ್ದರೆ ಒಂದರಿಂದ ಆರಂಭಿಸಿ. ಈ ಸಲ ದಸರಾ ರಜೆ ಬಿಡುವ ಮುನ್ನ ನಿಮ್ಮ ಶಾಲೆಯ ಎಸ್‌ಡಿಎಂಸಿ ಸಭೆ ಕರೆದು, ಗುಳೆ ಹೊರಡುವ ಮಕ್ಕಳ ಪಟ್ಟಿ ಬರೆಯಿರಿ. ಪ್ರತಿ ಹೆಸರಿನ ಮುಂದೆ ಫೋನ್ ಮಾಡುವ ಹೊಣೆ ಹೊತ್ತ ಒಬ್ಬರ ಹೆಸರಿರಲಿ. ಮುಂದಿನ ಜೂನ್‌ನಲ್ಲಿ ಅದೇ ಪಟ್ಟಿ ಹಿಡಿದು ಯಾರು ಮರಳಿದರು, ಯಾರು ಮರಳಲಿಲ್ಲ ಎಂದು ನೋಡಿ, ಮರಳದ ಮಗುವನ್ನು ಹುಡುಕಿ ಹೊರಡಿ.